ಒಂದು ಹೊಲಿಗೆ, ಎರಡು ಹೊಲಿಗೆ

"ಇದೇನೇ ಇದು?" ಅಕ್ಕ ಬಚ್ಚಲಿನ ಬಾಗಿಲಲ್ಲೇ ನಿಂತುಬಿಟ್ಟಳು.

"ನಿನ್ನ ಬಟ್ಟೆಪಟ್ಟಿಗಳು. ಗಂಟು ಬಿಚ್ಚಿದ್ರೆ ಏನು ನಾತ ಅಂತೀಯ! ಆಫೀಸಿಗೆ ಹೀಗೇ ತಗೊಂಡು ಹೋಗ್ತಾಳಲ್ಲ ಅಂತ ಬೆಳಿಗ್ಗೇನೇ ಬಿಸಿನೀರಲ್ಲಿ ನೆನೆಹಾಕಿ ಎರಡು ಸಲ ಒಗೆದೆ." ತಂಗಿ ಮುಂಗೈಯಿಂದ ಹಣೆಯ ಬೆವರು ಒರೆಸಿಕೊಂಡು, ಶಭಾಷ್ ಎನ್ನಿಸಿಕೊಳ್ಳಲು ಕಾದವಳಂತೆ ನೋಡಿದಳು.

ಒಂದು ವರ್ಷದಿಂದ ಪ್ರತಿ ಸೋಮವಾರ, ಎಪ್ಪತ್ತೆರಡರ ಮಂಡಿಗಳನ್ನು ಬೈಯುತ್ತಾ, ಅಕ್ಕ ಕಾಲುವೆಗೆ ಇಳಿದಿದ್ದಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಿಂತ ಮೇಲ್ಗಡೆ, ನೀರು ಹರಿದು ಬರುವ ಕಡೆ, ಒಂದು ಬಿಳಿ ಪಟ್ಟಿ, ಕೆಳಗಡೆ ಸೇತುವೆಯ ಹತ್ತಿರ ಇನ್ನೊಂದು. ಒಂದು ಗಂಟೆ ನೀರಿನಲ್ಲಿ ಬಿಟ್ಟು, ತಂದು ಒಣಗಿಸಿ, ಹೊಲಿಗೆ ಯಂತ್ರದಲ್ಲಿ ಕಪ್ಪು ದಾರದಿಂದ ತಾರೀಖು ಹೊಲಿಯುತ್ತಿದ್ದಳು. ನಲವತ್ತು ವರ್ಷ ಊರಿನವರ ಬಟ್ಟೆ ಹೊಲಿದವಳಿಗೆ ಪೆನ್ನಿಗಿಂತ ಸೂಜಿಯ ಮೇಲೆ ನಂಬಿಕೆ. ಮೇಲಿನ ಪಟ್ಟಿಯ ಅಂಚಿಗೆ ಒಂದು ಹೊಲಿಗೆ, ಕೆಳಗಿನದಕ್ಕೆ ಎರಡು. ಇವತ್ತು ಹನ್ನೊಂದಕ್ಕೆ ಮಾಲಿನ್ಯ ನಿಯಂತ್ರಣ ಕಚೇರಿಯಲ್ಲಿ ವಿಚಾರಣೆ. ಸಾಕ್ಷಿ ಇಲ್ಲದಿದ್ದರೆ ಕಾರ್ಖಾನೆಗೆ ಇನ್ನೈದು ವರ್ಷ ಪರವಾನಗಿ ಸಿಗುತ್ತದೆ. ಕೆಳಗಿನ ಕೇರಿಯ ತರಕಾರಿ ಮಡಿಗಳು ಇನ್ನೈದು ವರ್ಷ ಕಾರ್ಖಾನೆ ಬಿಡುವ ನೀರನ್ನೇ ಕುಡಿಯುತ್ತವೆ.

"ವರ್ಷದ ದುಡಿಮೆ ನೀರುಪಾಲು ಮಾಡ್ಬಿಟ್ಯಲ್ಲೇ, ಮಹಾತಾಯಿ!"

ತಂಗಿಯ ಮುಖ ಸಪ್ಪಗಾಯಿತು. ತಪ್ಪು ಅವಳದ್ದೆನ್ನುವುದಕ್ಕಿಂತ ಅವಳ ಕೈಯದ್ದು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಕಳೆದ ಆ ಕೈ ಕೊಳೆ ಕಂಡರೆ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ನೋಡಲು ಬಂದಿದ್ದ ಸೋದರಮಾವ ಹೊದ್ದಿದ್ದ ಶಾಲನ್ನೇ ಎಳೆದುಕೊಂಡು ಒಗೆದಿದ್ದಳು. ಪಾಪ, ಅವರು ಸಂಜೆಯವರೆಗೂ ನಡುಗುತ್ತಾ ಕೂತಿದ್ದರು.

"ನಾನೂ ಬರ್ತೀನಿ ಅಕ್ಕ. ಒಗೆದೋಳು ನಾನು ಅಂತ ಹೇಳ್ತೀನಿ, ಬೈಯೋದಾದ್ರೆ ನನ್ನನ್ನೇ ಬೈಲಿ" ಎಂದವಳು ಒದ್ದೆ ಪಟ್ಟಿಗಳನ್ನು ಗಡಿಬಿಡಿಯಲ್ಲಿ ಹಿಂಡಿ ಚೀಲಕ್ಕೆ ತುರುಕಿದಳು. ಅಕ್ಕನಿಗೆ ಅವುಗಳ ಮುಖ ನೋಡುವ ಮನಸ್ಸೂ ಇರಲಿಲ್ಲ.

ಕಚೇರಿಯ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಅಧಿಕಾರಿಣಿ ಫೈಲು ತಿರುವುತ್ತಿದ್ದಳು. ಈಚೆ ಕಾರ್ಖಾನೆಯ ಮ್ಯಾನೇಜರು, ಇಸ್ತ್ರಿ ಮುರಿಯದ ಶರಟು, ಮುಖದಲ್ಲಿ ನಗು.

"ಹೇಳಿ ಅಮ್ಮ, ಏನೋ ಬಟ್ಟೆ ತೋರಿಸ್ತೀನಿ ಅಂತ ಬರೆದಿದ್ರಿ" ಎಂದಳು ಅಧಿಕಾರಿಣಿ.

ಅಕ್ಕ ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ಅವಳು ಬಾಯಿ ತೆರೆಯುವ ಮೊದಲೇ ಮ್ಯಾನೇಜರು ಮಾತು ಶುರುಮಾಡಿದ.

"ಮೇಡಂ, ಅಜ್ಜಿಗೆ ವಯಸ್ಸಾಗಿದೆ, ಪಾಪ. ಕಾಲುವೆಗೆ ಬಟ್ಟೆ ಅದ್ದಿದ್ರೆ ಕೊಳೆಯಾಗದೆ ಇರುತ್ತಾ? ಬರೀ ಕೆಸರು ಅದು. ಒಂದು ಸಲ ಒಗೆದ್ರೆ ಹೋಗುತ್ತೆ."

"ಏನಂದ್ರಿ?" ಬಾಗಿಲ ಬಳಿ ಸ್ಟೂಲಿನ ಮೇಲೆ ಮುದುಡಿ ಕೂತಿದ್ದ ತಂಗಿ ದಡಕ್ಕನೆ ಎದ್ದಳು. "ಒಂದು ಸಲ ಒಗೆದ್ರೆ ಹೋಗುತ್ತಾ? ನಾನು ಎರಡು ಸಲ ಒಗೆದಿದ್ದೀನಿ ಸ್ವಾಮಿ! ಬಿಸಿನೀರಲ್ಲಿ! ಬ್ರಷ್ ಹಾಕಿ ಉಜ್ಜಿದ್ದೀನಿ! ರಕ್ತದ ಕಲೆ ತೆಗೆದ ಕೈ ಇದು, ಅರ್ಧದಷ್ಟು ಪಟ್ಟಿಗಳು ಜಪ್ಪಯ್ಯ ಅನ್ನಲಿಲ್ಲ. ನಾಚಿಕೆಯಾಗಿ ಅಕ್ಕನಿಗೂ ಹೇಳಿರಲಿಲ್ಲ."

ಅಕ್ಕ ತಿರುಗಿ ತಂಗಿಯನ್ನು ನೋಡಿದಳು. ಆಮೇಲೆ ಚೀಲವನ್ನು ಎತ್ತಿ ಹಾಗೇ ಮೇಜಿನ ಮೇಲೆ ಸುರಿದಳು.

ನೂರಾ ನಾಲ್ಕು ಪಟ್ಟಿಗಳು. ಅರ್ಧ ಮಲ್ಲಿಗೆಯಷ್ಟು ಬಿಳಿ. ಇನ್ನರ್ಧ ಕಡುನೀಲಿ, ಕೆಂಗಂದು, ಒಂಥರಾ ಪಾಚಿ ಹಸಿರು. ಅಧಿಕಾರಿಣಿ ಫೈಲುಗಳನ್ನು ಪಕ್ಕಕ್ಕೆ ಸರಿಸಿ ಒಂದು ನೀಲಿ ಪಟ್ಟಿ ಎತ್ತಿದಳು.

"ಅಂಚಿನಲ್ಲಿ ಎರಡು ಹೊಲಿಗೆ ಇದೆಯಲ್ಲ, ಯಾಕೆ?"

"ಕಾರ್ಖಾನೆಯಿಂದ ಕೆಳಗಿನದು ಅಂತ ಗುರುತು ಮೇಡಂ. ಮೇಲಿನದಕ್ಕೆ ಒಂದೇ." ಅಕ್ಕ ಒಂದು ಬಿಳಿ ಪಟ್ಟಿಯನ್ನು ಅದರ ಪಕ್ಕಕ್ಕಿಟ್ಟಳು. "ಕೆಸರು ಎರಡು ಕಡೆಯೂ ಇತ್ತು. ಅದು ಎರಡು ಕಡೆಯದ್ದೂ ಹೋಗಿದೆ."

ಅಧಿಕಾರಿಣಿ ಒಂದೊಂದೇ ಪಟ್ಟಿಯ ಅಂಚು ನೋಡುತ್ತಾ ಹೋದಳು. ಬಣ್ಣ ನಿಂತದ್ದಕ್ಕೆಲ್ಲ ಎರಡು ಹೊಲಿಗೆ. ಮ್ಯಾನೇಜರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

"ನಾಳೆ ನಾನೇ ಬಂದು ನೀರಿನ ಮಾದರಿ ತೆಗೀತೀನಿ. ಅಲ್ಲಿವರೆಗೂ ಪರವಾನಗಿಗೆ ಸಹಿ ಹಾಕಲ್ಲ" ಎಂದು ಅಧಿಕಾರಿಣಿ ಫೈಲು ಮುಚ್ಚಿದಳು.

ಹೊರಗೆ ಬಂದು ಅಕ್ಕ ಮೆಟ್ಟಿಲ ಮೇಲೆ ಕೂತಳು. ಮೊದಲು ಅಳು ಬಂತು, ಅದರ ಬೆನ್ನಿಗೇ ನಗು.

"ಇನ್ನೂ ಸಿಟ್ಟಾ?" ತಂಗಿ ಮೆಲ್ಲಗೆ ಕೇಳಿದಳು.

"ಸಿಟ್ಟೇ. ಒಗೆಯೋದಿದ್ರೆ ಹೋದ ವರ್ಷಾನೇ ಒಗೀಬೇಕಿತ್ತು."

ನೀರಿನ ಪರೀಕ್ಷೆಯೂ ಪಟ್ಟಿಗಳ ಮಾತನ್ನೇ ಹೇಳಿತು. ವರ್ಷಗಳಿಂದ ಕೆಟ್ಟು ನಿಂತಿದ್ದ ಶುದ್ಧೀಕರಣದ ತೊಟ್ಟಿಯನ್ನು ದುರಸ್ತಿ ಮಾಡದೆ ಕಾರ್ಖಾನೆಗೆ ಬೇರೆ ದಾರಿ ಉಳಿಯಲಿಲ್ಲ. ಸೋಮವಾರದ ಕೆಲಸವನ್ನು ಮಾತ್ರ ಅಕ್ಕ ಬಿಡಲಿಲ್ಲ. ಈಗ ತಾರೀಖು ಹೊಲಿದ ಕೂಡಲೇ ಪಟ್ಟಿಗಳು ತಂಗಿಯ ಬಕೆಟ್ಟಿಗೆ ಹೋಗುತ್ತಿದ್ದವು.

ನಾಲ್ಕು ತಿಂಗಳ ನಂತರದ ಒಂದು ಸೋಮವಾರ. ತಂಗಿ ಒಗೆದ ಎರಡು ಪಟ್ಟಿಗಳನ್ನು ಹಿತ್ತಲಿನ ತಂತಿಯ ಮೇಲೆ ಹಾಕಿ ಕೈ ಒರೆಸಿಕೊಂಡಳು. ಅಕ್ಕ ಹತ್ತಿರ ಬಂದು ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು.

"ಕೆಳಗಿನದು ಯಾವುದೇ?"

"ನಂಗೇನು ಗೊತ್ತು? ನೀನೇ ನೋಡಿಕೋ."

ಅಕ್ಕ ಕನ್ನಡಕವನ್ನು ಹಣೆಗೇರಿಸಿ, ಒದ್ದೆ ಬಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತಾ ಹೊಲಿಗೆ ಎಣಿಸತೊಡಗಿದಳು.