ಪತ್ತೆಯಾಯಿತಂತೆ

ನಮ್ಮ ನೀರು ಸರಬರಾಜು ಕಚೇರಿಯ ಪ್ರಕಟಣೆಗಳು ಮೊದಲು ರಷ್ಯನ್ ಭಾಷೆಯಲ್ಲಿ ಹುಟ್ಟುತ್ತವೆ. ಅವನ್ನು ನಮ್ಮ ಕಿರ್ಗಿಜ್ ಭಾಷೆಗೆ ತರುವುದು ಹತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸ. ವಿದೇಶಿ ಅನುದಾನ ಬಂದ ಮೇಲೆ ಪ್ರತಿ ಪ್ರಕಟಣೆಯ ನೆತ್ತಿಯ ಮೇಲೂ ‘ನಿಮ್ಮಿಂದ ಮುಚ್ಚಿಡುವುದೇನೂ ಇಲ್ಲ’ ಎಂದು ಅಚ್ಚಾಗುತ್ತದೆ. ಆ ಸಾಲು ಬಂದಂದಿನಿಂದ ಮುಚ್ಚಿಡುವ ಕೆಲಸ ದುಪ್ಪಟ್ಟಾಗಿದೆ. ನನಗಂತೂ ಸಾಕಾಗಿಹೋಗಿದೆ.

ಶುಕ್ರವಾರದ ಹಾಳೆಯಲ್ಲಿ ಇದ್ದದ್ದು ಇಷ್ಟೇ: ಕೆಳಪೇಟೆಯ ನಲ್ಲಿ ನೀರಿಗೆ ಕೊಳಚೆ ಬೆರೆತಿರುವುದು ಪತ್ತೆಯಾಗಿದೆ. ಯಾವಾಗ ಪತ್ತೆಯಾಯಿತು, ಯಾರು ಪತ್ತೆಹಚ್ಚಿದರು ಎಂಬುದಿಲ್ಲ. ರಷ್ಯನ್ನಿನಲ್ಲಿ ಹಾಗೆ ಬರೆದು ಕೈತೊಳೆದುಕೊಳ್ಳಬಹುದು, ನಮ್ಮ ಭಾಷೆ ಬಿಡುವುದಿಲ್ಲ. ಕಣ್ಣಾರೆ ಕಂಡದ್ದಕ್ಕೆ ಕ್ರಿಯಾಪದದ ಬಾಲ ಒಂದು, ಯಾರೋ ಹೇಳಿ ಕೇಳಿದ್ದಕ್ಕೆ ಇನ್ನೊಂದು. ನಾನು ಕಂಡವರ ಬಾಲವನ್ನೇ ಹಚ್ಚಿದೆ. ‘ಸೋಮವಾರ’ ಎಂದೂ ಸೇರಿಸಿದೆ. ಪ್ರಯೋಗಾಲಯದ ವರದಿಯನ್ನು ಸೋಮವಾರ ಟೈಪ್ ಮಾಡಿದವಳು ನಾನೇ ತಾನೆ?

ನಮ್ಮ ನಿರ್ದೇಶಕ ಎರ್ಮೆಕ್ ಹಾಳೆ ಹಿಡಿದುಕೊಂಡೇ ಓಡಿ ಬಂದ. ನನಗಿಂತ ಚಿಕ್ಕವನು, ನನ್ನನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಾನೆ.

“ಸಾಬಿರಾ ಎಜೆ, ಏನಿದು? ನಾವೇ ನಿಂತು ನೋಡಿದ ಹಾಗಿದೆ!”

“ನೋಡಿದ್ವಲ್ಲಪ್ಪ.”

“ಅಯ್ಯೋ, ‘ಪತ್ತೆಯಾಯಿತಂತೆ’ ಅಂತ ಹಾಕಿ. ಆ ಸೋಮವಾರ ತೆಗೀರಿ. ಜನ ಏನು ಕ್ಯಾಲೆಂಡರ್ ನೋಡ್ಕೊಂಡು ಕಾಯಿಲೆ ಬೀಳ್ತಾರಾ?”

“ನಮ್ಮ ಕಚೇರಿ ಸುದ್ದಿಗೆ ನಾವೇ ‘ಅಂತೆ’ ಅನ್ನೋದಾ? ಅಂತೆ ಕಂತೆ ಹೇಳೋಕೆ ಇದೇನು ಸಂತೇನಾ?”

“ಎಜೆ, ನಿಮ್ಮ ನಿವೃತ್ತಿಗೆ ಇನ್ನೆಷ್ಟಿದೆ? ಎರಡು ವರ್ಷಾನಾ?” ಎಂದು ನಕ್ಕ.

ಜಗಳಕ್ಕೆ ತ್ರಾಣವಿರಲಿಲ್ಲ. ‘ಅಂತೆ’ ಹಾಕಿ ಕೊಟ್ಟೆ.

ಶನಿವಾರ ಬೆಳಿಗ್ಗೆ ಕೆಳಪೇಟೆಯ ನನ್ನ ಮನೆಗೆ ಪಕ್ಕದ ಮನೆಯ ಸೊಸೆ ಕುಂದುಜ್ ಬಂದಳು. ಅವಳ ನಾಲ್ಕು ವರ್ಷದ ಮಗಳು ಬೆರ್ಮೆತ್ ಬುಧವಾರದಿಂದ ಆಸ್ಪತ್ರೆಯಲ್ಲಿದ್ದಳು. ನಾನು ಬಗ್ಗಿಸಿಕೊಟ್ಟ ಚಹಾವನ್ನು ಅವಳು ಮುಟ್ಟಲಿಲ್ಲ.

“ಅತ್ತೆಗೆ ನಿಮ್ಮ ಪ್ರಕಟಣೆ ತೋರಿಸ್ದೆ ಎಜೆ. ‘ಅಂತೆ ಅಂತ ಬರ್ದಿದಾರೆ, ಅವರಿಗೇ ಖಾತ್ರಿ ಇಲ್ಲ. ಮಗು ಮಲಗಿದ್ದು ಬುಧವಾರ, ಇದು ಬಂದಿದ್ದು ಶುಕ್ರವಾರ. ನೀನು ಮೊಸರಿನ ಪಾತ್ರೆ ನೆಟ್ಟಗೆ ತೊಳೀಲಿಲ್ಲ’ ಅಂದ್ರು. ನಮ್ಮನೆಯವರೂ ನನ್ನ ಹತ್ರ ಮಾತು ಬಿಟ್ಟಿದಾರೆ. ನನ್ನ ಮಗಳಿಗೆ ನಾನೇ ವಿಷ ಹಾಕಿದ್ನಾ?”

 ನನಗೆ ನಾಚಿಕೆಯಾಯಿತು.

“ಇಲ್ಲಮ್ಮ, ನೀರೇ. ನಮಗೆ ಸೋಮವಾರಾನೇ ಗೊತ್ತಾಗಿತ್ತು. ವರದಿ ಟೈಪ್ ಮಾಡಿದ್ದು ನಾನೇ. ನಡಿ, ನಿಮ್ಮತ್ತೆ ಎದುರಿಗೇ ಹೇಳ್ತೀನಿ.”

ತಲೆವಸ್ತ್ರ ಕಟ್ಟಿಕೊಂಡು ಹೊರಟೆ. ಕೆಲಸ ಹೋದರೆ ಹೋಗಲಿ ಅನ್ನಿಸಿ, ಬಹಳ ದಿನಗಳ ಮೇಲೆ ಮೈ ಹಗುರವಾಗಿತ್ತು. ಕುಂದುಜ್ ಮಾತ್ರ ಕೂತಲ್ಲಿಂದ ಏಳಲಿಲ್ಲ.

“ಸೋಮವಾರ...” ಎಂದಳು ಮೆಲ್ಲಗೆ. “ಮಂಗಳವಾರ ಬೆರ್ಮೆತ್‌ನ ಎತ್ಕೊಂಡು ಇಲ್ಲಿಗೆ ಬಂದಿದ್ದೆ. ನಿಮ್ಮ ಒಲೆ ಮೇಲೆ ದೊಡ್ಡ ಪಾತ್ರೆ ತುಂಬಾ ನೀರು ಕುದೀತಿತ್ತು. ಇಷ್ಟೊಂದು ಯಾಕೆ ಎಜೆ ಅಂದೆ. ಬಟ್ಟೆ ನೆನೆಸೋಕೆ ಅಂದ್ರಿ.”

ಹೌದು, ಅಂದಿದ್ದೆ. ಪ್ರಕಟಣೆ ಹೊರಡುವ ಮುಂಚೆ ಮಾತು ಹೊರಗೆ ಹೋಗಕೂಡದು ಎಂಬುದು ಕಚೇರಿಯ ನಿಯಮ. 

ಕುಂದುಜ್ ಎದ್ದು ಬಾಗಿಲು ತೆರೆದಳು.

“ಬನ್ನಿ ಎಜೆ. ಅದನ್ನೂ ಅತ್ತೆಗೆ ಹೇಳಿ.”