ಬಾಯಿಯಿದ್ದ ಜಾಗ

ಕೆಂಪು ನೂಲು ಎಳೆದಷ್ಟೂ ಬರುತ್ತಿದೆ, ಇಷ್ಟು ಪುಟ್ಟ ಬಾಯಿಗೆ ಇಷ್ಟೊಂದು ನೂಲು ಹಾಕಿದ್ದೆನೇ ನಾನು, ಬಿಚ್ಚಿದ ಕಡೆಯೆಲ್ಲ ಬಿಳಿ ಬಟ್ಟೆಯಲ್ಲಿ ಸೂಜಿಯ ತೂತುಗಳು, ಇರುವೆ ಸಾಲಿನ ಹಾಗೆ — ಏನಮ್ಮ ರಾಜಕುಮಾರಿ, ಈ ಹುಳಕ್ಕೆ ಬಾಯಿ ಯಾರು ಕೊಟ್ಟಿದ್ದು, ಎಂದು ಬೆಳಿಗ್ಗೆ ಮೇಷ್ಟ್ರು ನಕ್ಕರು, ಮ್ಯೂಸಿಯಮ್ಮಿಗೆ ನಾವು ಹೊಲಿಯುವ ಬೊಂಬೆಗಳಿಗೆಲ್ಲ ಅವರೇ ಯಜಮಾನರು, ಗಡ್ಡದಲ್ಲಿ ಸದಾ ಅಂಟು, ಕಡಲ ತಳದ ಬಿಸಿನೀರ ಬುಗ್ಗೆ ಪಕ್ಕ ಬದುಕೋ ಹುಳ ಇದು, ಬಾಯಿಲ್ಲ, ಹೊಟ್ಟೆಯಿಲ್ಲ, ಬಿಚ್ಚು ಬಿಚ್ಚು. ಮತ್ತೆ ಉಣ್ಣೋದು ಹೇಗೆ ಸರ್, ಅಂದೆ. ಒಳಗೆ ಕಣ್ಣಿಗೆ ಕಾಣದ ಜೀವಾಣುಗಳು ಬಾಡಿಗೆಗಿವೆ, ಬುಗ್ಗೆಯ ಗಂಧಕವೇ ಅವಕ್ಕೆ ಸೌದೆ, ಅವೇ ಬೇಯಿಸಿ ಹಾಕ್ತವೆ, ನಮ್ಮ ಮನೇಲೂ ಹಾಗಿದ್ದಿದ್ರೆ! ಆಳೆತ್ತರದ ಬಿಳಿ ಕೊಳವೆ, ತುದಿಗೆ ರಕ್ತಗೆಂಪು ಮಖಮಲ್ಲಿನ ಗರಿ, ಕಗ್ಗತ್ತಲಲ್ಲಿ ಕುದಿಯುವ ಹೊಗೆನೀರಿನ ಸುತ್ತ ತೂಗುತ್ತ ನಿಂತ ಊರಿಗೆ ಊರೇ, ಕಣ್ಣಿಲ್ಲದೆ ಬೆನ್ನಿನಿಂದಲೇ ಬೆಳಕು ಹುಡುಕುವ ಸೀಗಡಿ, ಬೆಳ್ಳನೆಯ ಏಡಿ — ಅಜ್ಜಿ ಕೇಳಿದ್ದರೆ, ಕಳ್ಳಿ, ಇದು ನನ್ನ ಕಥೆ, ಎನ್ನುತ್ತಿದ್ದಳು. ಅವಳ ಕಥೆಗಳಲ್ಲಿ ಬಾಯಿಲ್ಲದ್ದು ಒಂದೂ ಇರಲಿಲ್ಲ, ಪೊರಕೆಯೂ ಚಾಡಿ ಹೇಳುತ್ತಿತ್ತು, ಬಾವಿಯೂ ಹಸಿವು ಎನ್ನುತ್ತಿತ್ತು, ಅದಕ್ಕೇ ನನ್ನ ಕೈ ತಾನಾಗಿ ಬಾಯಿ ಹೊಲಿದದ್ದು. ಒಂದು ತುತ್ತು, ಒಂದು ಮಾತು, ಅಲ್ಲಿಗೆ ನಿಲ್ಲಿಸಿಬಿಡುತ್ತಿದ್ದಳು, ಹೂಂ ಅನ್ನೇ ಕೂಸೇ, ನೀನು ಹೂಂಗುಟ್ಟದಿದ್ರೆ ರಾಜಕುಮಾರ ಹೊಳೆ ದಾಟೋದು ಹೇಗೆ.

ಈಗ ಆಸ್ಪತ್ರೆಯಲ್ಲಿ ಅವಳ ಮೂಗಿನಲ್ಲಿ ಊಟದ ಕೊಳವೆ, ಲಕ್ವ ಹೊಡೆದಾಗಿನಿಂದ ಒಂದು ಸದ್ದೂ ಇಲ್ಲ, ನಮ್ಮ ಗುರುತಿದೆಯೋ ಇಲ್ಲವೋ, ಇವತ್ತು ಒಂದು ಚಮಚ ನೀರು ಕೊಟ್ಟು ನೋಡುತ್ತಾರಂತೆ, ನುಂಗಿದರೆ ಕೊಳವೆ ತೆಗೆಯುತ್ತಾರೆ, ಇಲ್ಲದಿದ್ದರೆ ಹೊಟ್ಟೆಗೇ ತೂತು ಕೊರೆದು ಕೊಳವೆ — ಬೇಡ, ನೂಲು ನೋಡು, ನೂಲು ಎಳೆ, ಮರಿಯಾಗಿದ್ದಾಗ ಈ ಹುಳಕ್ಕೂ ಬಾಯಿ ಇರುತ್ತದಂತೆ, ಬೆಳೆದಂತೆ ಮುಚ್ಚಿಹೋಗುತ್ತದಂತೆ, ಹಾಗೆ ಮುಚ್ಚಿಹೋದದ್ದು ಅದಕ್ಕೆ ತಿಳಿಯುತ್ತದೆಯೇ — ಫೋನು, ನಡುಗುತ್ತ ಕತ್ತರಿಯ ಕಡೆ ಜರುಗುತ್ತಿದೆ, ಅಮ್ಮನದು, ನುಂಗಲಿಲ್ಲ ಕಣೇ, ಬರೀ ಕೆಮ್ಮು, ಎಲ್ಲ ಹೊರಗೆ ಬಂತು, ಈಗ ತುಟಿ ಬಿಗಿದುಕೊಂಡು ಗೋಡೆ ನೋಡ್ತಿದ್ದಾಳೆ. ಅವಳ ಕಿವಿ ಹತ್ರ ಫೋನ್ ಇಡಮ್ಮ. ಏನು ಮಾಡ್ತೀಯ ಮಾತಾಡಿ, ಕಲ್ಲಿಗೆ ಹೇಳಿದ ಹಾಗೆ. ಇಡಮ್ಮ ನೀನು. ಇಟ್ಟಳು, ಉಸಿರು ಕೇಳುತ್ತಿದೆ, ಏನು ಹೇಳಲಿ, ಬೆರಳ ಕೆಳಗೆ ತೂತುಗಳು, ಉಗುರಿನಿಂದ ತೀಡಿದರೂ ಮುಚ್ಚುತ್ತಿಲ್ಲ — ಅಜ್ಜೀ, ಏಳು ಸಮುದ್ರದ ಆಚೆ ಅಲ್ಲ, ಏಳು ಸಮುದ್ರದ ಅಡಿ ಒಂದು ಊರಿತ್ತಂತೆ, ಬಿಸಿಲು ಅಂದ್ರೆ ಏನೂಂತ ಅಲ್ಲಿ ಯಾರಿಗೂ ಗೊತ್ತಿಲ್ಲ, ಅಲ್ಲೊಬ್ಬಳು ರಾಣಿ, ತಲೆ ಮೇಲೆ ಕೆಂಪು ಗರಿ, ಆದ್ರೆ ಅವಳಿಗೆ ಬಾಯೇ ಇಲ್ಲ — ನಿಲ್ಲಿಸಿದೆ, ಅವಳು ನಿಲ್ಲಿಸುತ್ತಿದ್ದ ಹಾಗೆಯೇ, ಫ್ಯಾನಿನ ಸದ್ದು, ಯಾರದೋ ಚಪ್ಪಲಿಯ ಸದ್ದು, ಹೂಂ ಅನ್ನೇ ಅಜ್ಜಿ, ನೀನು ಅನ್ನದಿದ್ರೆ ನಾನು ಹೇಳಲ್ಲ —

ಹೂಂ.

ಅಯ್ಯೋ, ಎಂದಳು ಅಮ್ಮ ದೂರದಲ್ಲಿ, ತುಟಿ ಬಿಚ್ಚಲೇ ಇಲ್ಲ ಕಣೇ ಅವಳು, ತುಟಿ ಬಿಚ್ಚಲೇ ಇಲ್ಲ. ಇನ್ನು ಕಥೆ ಮುಂದಕ್ಕೆ ಹೋಗಬೇಕು, ರಾಣಿ ಏನು ಮಾಡಿದಳು, ಗೊತ್ತಿಲ್ಲ ಅಜ್ಜಿ, ತಡಿ, ನನಗೆ ಕಾಣುತ್ತಿರುವುದು ಇಷ್ಟೇ, ಬಿಳಿ ಬಟ್ಟೆ, ಬಾಯಿಯಿದ್ದ ಜಾಗ, ಸೂಜಿಯ ತೂತುಗಳು, ಸೂಜಿಯ ತೂತುಗಳು, ಒಂದೊಂದರಲ್ಲೂ ಕಿಟಕಿಯ ಬೆಳಕು