ಬೆನ್ನ ಹಿಂದಿನ ಬೆಳದಿಂಗಳು

ವರ್ಷಗಟ್ಟಲೆ ಒಂದು ಬೆಳದಿಂಗಳ ತೋಟದಲ್ಲಿ ನಿಂತು ಹಾಡಿದವಳು ಆ ತೋಟವನ್ನೇ ನೋಡಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ರಜನಿಯೂ ನಂಬಲಿಲ್ಲ. ಧಾರವಾಡದ ತನ್ನ ಪುಟ್ಟ ಸ್ಟುಡಿಯೋದಲ್ಲಿ ಕೂತು, ಮಾಸಿದ ಮದುವೆ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಹೊಸದು ಮಾಡುವುದು ಅವಳ ಕಸುಬು. ಎರಡು ಸಾವಿರದ ಮೂರನೆಯ ಇಸವಿಯ ಒಂದು ಮಧ್ಯಾಹ್ನ, ಮುಗದದಿಂದ ಬಸ್ಸು ಹಿಡಿದು ಬಂದ ಮುದುಕಿಯೊಬ್ಬಳು ಸೆರಗಿನೊಳಗಿಂದ ದಪ್ಪ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟು ಈ ಮಾತು ಹೇಳಿದಾಗ, ಅವಳು ನಕ್ಕೇಬಿಟ್ಟಳು.

"ನಗಬ್ಯಾಡ ತಂಗಿ. ಪರದೆ ನನ್ನ ಬೆನ್ನಿಗೆ, ಮಂದಿ ನನ್ನ ಮುಂದ. ಹಾಡೋಕಿ ಪರದೆ ಕಡೆ ಹೊಳ್ಳಿ ನಿಂತ್ರ ಮಾಲಕ ಸುಮ್ನ ಬಿಡ್ತಿದ್ನೇನ? ಬದಿಗೆ ನಿಂತ್ರ ಬರೇ ಬಣ್ಣದ ಪಟ್ಟಿ. ಆಟ ಮುಗೀತು ಅಂದ್ರ ಸುತ್ತಿ ಇಡತಿದ್ರು."

ಅವಳು ಶಿವಬಸವ್ವ. ಎಂದೋ ಮುಚ್ಚಿಹೋದ ಸಂಗೀತ ನಾಟಕದ ಕಂಪನಿಯೊಂದರ ನಾಯಕಿ. ಕಾಗದ, ಕಂಪನಿಯ ಚಿತ್ರಗಾರ ಮಕ್ತುಮಸಾಬ ಆ ತೋಟದ ಪರದೆಗೆ ಕುಂಚ ಇಡುವ ಮೊದಲು ಬರೆದುಕೊಂಡ ನಮೂನೆ. ದೊಡ್ಡ ಪರದೆಯೋ, ಅಮರಗೋಳದ ಮಾರುಕಟ್ಟೆಯಲ್ಲಿ ಜೋಳದ ಚೀಲಗಳಿಗೆ ಹೊದಿಕೆಯಾಗಿ ಹರಿದು ಚಿಂದಿಯಾಯಿತು. ಸಕ್ಕರೆ ಕಾಯಿಲೆ ಶಿವಬಸವ್ವನ ಒಂದು ಕಣ್ಣು ತಿಂದು, ಈಗ ಇನ್ನೊಂದಕ್ಕೆ ಬಾಯಿ ಹಾಕಿತ್ತು.

"ದೀಪಾವಳಿತನಾ ಬೆಳಕು ಇದ್ರ ಪುಣ್ಯಾ ಅಂದಾರ ಡಾಕ್ಟರು. ಅಷ್ಟರಾಗ ಒಮ್ಮೆ, ಮಂದಿ ನೋಡಿಧಾಂಗ ನಾ ನೋಡಬೇಕವಾ."

ರಜನಿ ನಗು ನುಂಗಿ, ಕಾಗದವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಕಾಗದಕ್ಕೆ ಬೂಷ್ಟು ಹಿಡಿದಿತ್ತು, ಮಡಿಕೆಗಳಲ್ಲಿ ಬಣ್ಣ ಉದುರಿತ್ತು. ಸ್ಕ್ಯಾನ್ ಮಾಡಿ, ಅಕ್ಕಿಯೊಳಗಿನ ಹರಳು ಆರಿಸುವ ಹಾಗೆ ಒಂದೊಂದೇ ಕಲೆ ಆರಿಸುತ್ತ ಕೂತಳು. ಮಧ್ಯಾಹ್ನದ ಜೊಂಪಿನಲ್ಲಿ ಕಂಪ್ಯೂಟರಿನ ಬೆಳಕು ಗೋಡೆಗೆ ಹರಿದು, ಸ್ಟುಡಿಯೋ ತುಂಬ ನೀಲಿ ಬೆಳದಿಂಗಳು. ಹೊರಗೆ ಟಾಂಗಾ ಹೋದರೆ ತೋಟದೊಳಗೇ ಹೋದಂತೆ. ಯಾರೋ ಮಲ್ಲಿಗೆಯ ಮರೆಯಲ್ಲಿ ಸ್ವರ ಹಚ್ಚಿಕೊಂಡಂತೆ. ಕರೆಂಟು ಹೋದಾಗಲೂ ಕಣ್ಣೊಳಗೆ ಆ ಬೆಳದಿಂಗಳು ಆರುತ್ತಿರಲಿಲ್ಲ. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು, ಆ ಮಾತು ಬಿಡಿ.

ಚಿತ್ರದ ನಟ್ಟನಡುವೆ ಮಾತ್ರ ಅಗಲವಾದ ಬೋಳು ಜಾಗ. ಏನೂ ಇಲ್ಲ, ಬರೀ ಮಸುಕು. ಅಯ್ಯೋ ಪಾಪ, ಇಲ್ಲೇ ಹೆಚ್ಚು ಹಾಳಾಗಿದೆ ಎಂದುಕೊಂಡು ರಜನಿ ಅಲ್ಲೊಂದು ಕಾರಂಜಿ ಎಬ್ಬಿಸಿದಳು. ಸುತ್ತ ಹೂವಿನ ಪಾತಿ. ಇಡೀ ಕೆಲಸದಲ್ಲಿ ಅದೇ ಚೆನ್ನಾಗಿ ಬಂದದ್ದೆಂದು ಬೀಗಿದಳು ಕೂಡ.

ಶಿವಬಸವ್ವ ಬಂದು ಕಂಪ್ಯೂಟರಿನ ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಚಂದ್ರನನ್ನು ಕಂಡು ನಕ್ಕಳು, ಮರ ಕಂಡು ನಕ್ಕಳು. ಆಮೇಲೆ ಅವಳ ಬೆರಳು ನಡುವಿನ ಕಾರಂಜಿಯ ಮೇಲೆ ಬಂದು ನಿಂತಿತು.

"ಏನಾತ್ರಿ ಆಯಿ?"

"ನಾ ಎಲ್ಲಿ ನಿಂದ್ರಲಿ ತಂಗಿ?"

ರಜನಿಗೆ ಅರ್ಥವಾಗಲಿಲ್ಲ.

"ಕಾರಂಜಿ ಯಾರು ಇಟ್ರು ಇಲ್ಲಿ? ಇದು ನನ್ನ ಜಾಗಾ. ಮಕ್ತುಮಸಾಬ ನಡುವ ಏನೂ ಬರೀತಿದ್ದಿಲ್ಲ. ಅಲ್ಲಿ ನೀ ಬರ್ತೀ, ನಾ ಯಾಕ ಬರೀಲಿ ಅಂತಿದ್ದ."

ಮುದುಕಿಯನ್ನು ಅವಳ ತೋಟದಿಂದಲೇ ಹೊರಗೆ ಹಾಕಿದಂತಾಗಿತ್ತಲ್ಲ! ರಜನಿ ಅಲ್ಲೇ ಕೂತು ಕಾರಂಜಿ ಅಳಿಸಿದಳು.

ಆದರೂ ಮುದುಕಿಗೆ ಸಮಾಧಾನವಿಲ್ಲ. "ಹತ್ತಿರದಿಂದ ಬರೇ ಮೆತ್ತಿದ ಬಣ್ಣ ಕಾಣಸ್ತದ. ಇಷ್ಟು ನಾ ಆಗೂ ಕಂಡೇನಿ."

"ದೊಡ್ಡದು ಮಾಡಿಸ್ತೀನ್ರಿ. ಮಂದಿ ಕೂತಷ್ಟು ದೂರ ಕೂತು ನೋಡೀರಂತ," ಎಂದಳು ರಜನಿ.

ತಾರಿಹಾಳದ ಶೆಡ್ಡೊಂದರಲ್ಲಿ ಜಾಹೀರಾತಿನ ಬ್ಯಾನರ್ ಮಾಡುವವರಿದ್ದರು. ಅವರ ಕೈಯಲ್ಲಿ ಚಿತ್ರವನ್ನು ಗೋಡೆಯಗಲ ಮುದ್ರಣ ಮಾಡಿಸಿಕೊಂಡು ಅವಳು ಮುಗದಕ್ಕೆ ಹೋದಳು. ಶಿವಬಸವ್ವನ ಅಣ್ಣನ ಮಗ ಮಾಲತೇಶ ಅದನ್ನು ದನದ ಕೊಟ್ಟಿಗೆಯ ಗೋಡೆಗೆ ಹಗ್ಗ ಬಿಗಿದು ಕಟ್ಟಿ, ಎದುರಿಗೊಂದು ಬಲ್ಬು ಇಳಿಬಿಟ್ಟ. ಅಂಗಳದ ಆ ತುದಿಗೆ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದ.

ಹೊತ್ತು ಮುಳುಗಿತು. ಕೊಟ್ಟಿಗೆಯ ಗೋಡೆ ಮೆಲ್ಲಗೆ ತೋಟವಾಯಿತು. ಶಿವಬಸವ್ವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿದಳು. ಕಣ್ಣು ಆಗಲೇ ಹೋಯಿತೋ ಏನೋ ಎಂದು ರಜನಿ ಹೆದರಿದಳು.

"ಕಾಣಸ್ತದೇನ್ರಿ ಆಯಿ?"

"ಕಾಣಸ್ತದ. ಖಾಲಿ ಕಾಣಸ್ತದ. ನೀ ಹೋಗಿ ನಿಂದ್ರು."

"ನಾನಾ? ಏ, ನನಗ ಹಾಡ್ಲಿಕ್ಕೆ ಬರೂದಿಲ್ರಿ!"

"ಹಾಡು ಅಂದ್ನೇನ? ನಿಂದ್ರು ಅಂದೆ."

ರಜನಿ ನಾಚುತ್ತಲೇ ಹೋಗಿ ಬೋಳು ಜಾಗದ ಮುಂದೆ ನಿಂತು, ಅಂಗಳದ ಕಡೆ ತಿರುಗಿದಳು. ಅಷ್ಟು ದಿನ ತಿದ್ದಿದ ತೋಟ ಈಗ ಬೆನ್ನ ಹಿಂದೆ. ಎದುರಿಗೆ ಬಲ್ಬಿನ ಬೆಳಕು, ಅದರಾಚೆಯ ಕತ್ತಲಲ್ಲಿ ಒಂದು ಕುರ್ಚಿ.

ಆ ಕುರ್ಚಿಯಿಂದ ಅಳು ಕೇಳಿತು.

"ಅಯ್ಯ ನನ್ನವ್ವ, ಇಷ್ಟು ಛಂದ ಕಾಣತಿದ್ನೇನ ನಾ!"

ರಜನಿಗೆ ಒಮ್ಮೆ ಹಿಂದಿರುಗಿ ನೋಡುವ ಆಸೆಯಾಯಿತು. ಕತ್ತು ಹೊರಳಿಸಿದಳೋ ಇಲ್ಲವೋ, ಮುದುಕಿ ಗದರಿದಳು.

"ಹೊಳ್ಳಬ್ಯಾಡ ತಂಗಿ. ನಾ ಇನ್ನ ನೋಡಾಕತ್ತೇನಿ."